ಬದಲಿ ಬರುವವರೆಗೆ

ಜಗತ್ತು ಇನ್ನೇನು ಸುಟ್ಟು ಬೂದಿಯಾಗಲಿದೆ ಎಂಬ ಸುದ್ದಿ ಹೊತ್ತ ರಾಜದೂತ ಹನ್ನೊಂದು ದಿನದಿಂದ ಊರಬಾಗಿಲ ಹೊರಗೆ ಕುದುರೆ ಮೇಲೆ ಕೂತಿದ್ದ. ಬಾಗಿಲು ತೆಗೆಯುವ ಹಿಡಿ ಮಾವನ ಕೈಯಲ್ಲಿತ್ತು. ಮಾವ ತೆಗೆದಿರಲಿಲ್ಲ.

ಸೊಸೆಗೆ ಇದು ತಿಳಿದದ್ದು ಹನ್ನೊಂದನೆಯ ದಿನ ಮಧ್ಯಾಹ್ನ. ಅವಳು ವಿಡಿಯೋ ಗೇಮ್ ತಯಾರಿಸುವ ಕಂಪನಿಯೊಂದರಲ್ಲಿ ಪರೀಕ್ಷಕಿ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೊಸ ಆಟ ಅಂಗಡಿಗೆ ಬರುವ ಮುನ್ನ, ಜನ್ಮದಲ್ಲಿ ಆಟದ ಕಂಟ್ರೋಲರ್ ಮುಟ್ಟದ ಅರವತ್ತು ದಾಟಿದವರೊಬ್ಬರಿಂದ ಮೂರು ವಾರ ಆಡಿಸಿ ವರದಿ ಕೊಡಬೇಕು, ಆ ವರದಿ ನೋಡಿ ಖಾಯಂ ಮಾಡುವುದೋ ಕೈಬಿಡುವುದೋ ಹೇಳುತ್ತೇವೆ ಎಂದು ಮೇಲಿನವರು ಅಪ್ಪಣೆ ಮಾಡಿದ್ದರು. ಮೇಲಿನವರೆಂದರೆ ಒಬ್ಬರೇ. ಮಾತು ಮಾತಿಗೂ ಗಡುವು ಎನ್ನುತ್ತಿದ್ದುದರಿಂದ ಆಫೀಸಿನಲ್ಲಿ ಅವರಿಗೆ ಗಡುವು ಸಾಹೇಬರು ಎಂದೇ ಹೆಸರು. ವರದಿಯ ನಮೂನೆಯಲ್ಲಿ ಅವರು ಕಣ್ಣು ಹಾಯಿಸುತ್ತಿದ್ದದ್ದು ಒಂದೇ ಅಂಕಣಕ್ಕೆ: ಡ್ರ್ಯಾಗನ್ ಮುಟ್ಟಲು ಹಿಡಿದ ಹೊತ್ತು.

ಪರೀಕ್ಷೆಗೆ ಒಂದು ಕಟ್ಟುನಿಟ್ಟು ಇತ್ತು. ಆಡುವವರಿಗೆ ಏನನ್ನೂ ಹೇಳಿಕೊಡಕೂಡದು, ಕಂಟ್ರೋಲರ್ ಮುಟ್ಟಕೂಡದು, ಅವರಿರುವ ಕೋಣೆಯಲ್ಲಿ ಕೂರಲೂ ಕೂಡದು. ಯಂತ್ರವೇ ಎಲ್ಲವನ್ನೂ ದಾಖಲು ಮಾಡಿಕೊಳ್ಳುತ್ತದೆ. ಹಾಗಾಗಿ ಅವಳು ಒಳಕೋಣೆಯಲ್ಲಿ ಕೂತು ದಿನವೂ ಸಂಜೆ ಎಷ್ಟು ಗಂಟೆ ಆಡಿದರು ಎಂಬುದನ್ನಷ್ಟೇ ನೋಡುತ್ತಿದ್ದಳು. ದಿನಕ್ಕೆ ಆರು ಗಂಟೆ. ಒಂದು ದಿನವೂ ತಪ್ಪಿಲ್ಲ. ಮಾವ ಈಗಾಗಲೇ ನಾಲ್ಕು ರಾಜ್ಯ ಗೆದ್ದು ಡ್ರ್ಯಾಗನ್ನಿನ ಗುಹೆಯ ಬಾಗಿಲು ಬಡಿಯುತ್ತಿರಬೇಕು ಎಂದುಕೊಂಡು, ಒಳಗೊಳಗೇ ಬೀಗುತ್ತ, ಅಂದು ದಾಖಲೆಯ ಚಿತ್ರ ತೆರೆದಳು.

ಮಾವ ಮೊದಲನೆಯ ಹಳ್ಳಿಯಲ್ಲೇ ಇದ್ದರು. ಮೂರು ಮನೆ, ಒಂದು ಬಾವಿ, ಹನ್ನೊಂದು ಕುರಿ, ಒಂದು ಮರದ ಬಾಗಿಲು. ಆಟಗಾರ ಹುಲ್ಲುಮೆದೆಯಿಂದ ಎದ್ದು ಕಣ್ಣುಜ್ಜಿಕೊಂಡ ಐದು ನಿಮಿಷಕ್ಕೆ ರಾಜದೂತ ಕುದುರೆ ಓಡಿಸಿಕೊಂಡು ಬಂದು, ಡ್ರ್ಯಾಗನ್ನನ್ನು ಕೊಲ್ಲಬಲ್ಲವನು ನೀನೊಬ್ಬನೇ ಎಂಬ ರಾಜನ ಪತ್ರ ಕೈಗಿಡಬೇಕು; ಅಲ್ಲಿಂದ ಕಥೆ ಶುರು. ಆ ಹಳ್ಳಿಯನ್ನು ರೂಪಿಸಿದವರ ಲೆಕ್ಕದಲ್ಲಿ ಅದು ಐದು ನಿಮಿಷ ಇದ್ದು ಮರೆಯುವ ಜಾಗ. ಯಾರೋ ಪುಣ್ಯಾತ್ಮ, ಕೆಲಸವಿಲ್ಲದ ಒಂದು ಮಧ್ಯಾಹ್ನ, ಬಾಗಿಲ ಪಕ್ಕ ಒಂದು ಹಿಡಿ ಇಟ್ಟು, ಅದನ್ನು ಎಳೆದರೆ ಬಾಗಿಲು ಮುಚ್ಚುವಂತೆ ಮಾಡಿದ್ದ.

ಆ ಹಿಡಿ ಮಾವನ ಕಣ್ಣಿಗೆ ಬಿದ್ದದ್ದು ನಾಲ್ಕನೆಯ ನಿಮಿಷದಲ್ಲಿ. ಅವರು ಮೂವತ್ತನಾಲ್ಕು ವರ್ಷ ರೈಲ್ವೆ ಗೇಟಿನಲ್ಲಿ ಕೆಲಸ ಮಾಡಿದವರು. ಹಿಡಿ ಕಂಡರೆ ಅವರ ಕೈ ಯಾರ ಅಪ್ಪಣೆಗೂ ಕಾಯುವುದಿಲ್ಲ. ಕುರಿಗಳು ರಸ್ತೆ ದಾಟುತ್ತಿದ್ದವು, ಆಚೆಯಿಂದ ಕುದುರೆಯೊಂದು ದೂಳೆಬ್ಬಿಸಿಕೊಂಡು ಬರುತ್ತಿತ್ತು. ಮಾವ ಗೇಟು ಹಾಕಿದರು.

ಸೊಸೆ ನಿಯಮದ ಅಂಚಿನಲ್ಲೇ ನಿಂತು, ಏನೂ ಗೊತ್ತಿಲ್ಲದವಳ ಹಾಗೆ, ಆಟ ಹೇಗಿದೆ ಮಾವ ಎಂದು ವಿಚಾರಿಸಿದಳು. ಕೆಲಸ ಚೆನ್ನಾಗಿದೆ ಎಂದರು ಅವರು. ಆಟ ಎಂಬ ಶಬ್ದವನ್ನು ಅವರು ಬಳಸಲೇ ಇಲ್ಲ. ಅಷ್ಟೂ ದಿನದ ದಾಖಲೆ ಒಂದು ನೋಟ್ ಪುಸ್ತಕದಲ್ಲಿತ್ತು: ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಯಾವಾಗ ಬಿಟ್ಟದ್ದು, ಕುರಿ ಎಷ್ಟು. ಸೌದೆ ಗಾಡಿ, ಹಿಟ್ಟಿನ ಗಾಡಿ, ತಲೆಗೆ ಬುಟ್ಟಿ ಹೊತ್ತ ಮುದುಕಿ, ಎಲ್ಲರಿಗೂ ಗೇಟು ತೆರೆದಿತ್ತು. ಒಬ್ಬನ ಮುಂದೆ ಮಾತ್ರ ದಿನವೂ ಅದೇ ಷರಾ: ‘ಅವಸರದವನು. ತಡೆಯಲಾಗಿದೆ.’

"ಆ ಕುದುರೆ ಸವಾರ ಪಾಪ, ಏನೋ ಹೇಳ್ಬೇಕು ಅಂತಿದಾನಲ್ಲ ಮಾವ?"

"ದಿನಾ ಒಂದೇ ಹೇಳ್ತಾನಮ್ಮ. ಬೇಗ ಬಿಡಿ, ಸಮಯ ಇಲ್ಲ ಅಂತ. ನಮ್ಮ ಗೇಟಲ್ಲಿ ಹಾಗಂದವರನ್ನ ನಾನು ಕೊನೇಗೇ ಬಿಟ್ಟಿದ್ದು. ಅದಕ್ಕೇ ಅವರೆಲ್ಲ ಇವತ್ತಿಗೂ ಬದುಕಿದಾರೆ."

ಅತ್ತೆ ಕಿಟಕಿ ಪಕ್ಕ ಕೂತು ಹರಿದ ದಿಂಬಿನ ಚೀಲ ಹೊಲಿಯುತ್ತಿದ್ದರು. ಮದುವೆಯಾದ ದಿನದಿಂದ ಗೇಟಿನ ಪಕ್ಕದ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿ, ಗಂಡ ನಿವೃತ್ತನಾದಾಗ ಗೇಟಿಗೆ ಒಂದು ದೊಡ್ಡ ನಮಸ್ಕಾರ ಹಾಕಿ ಬಂದವರು ಅವರು. ದಾರ ಹಲ್ಲಲ್ಲಿ ಕಡಿಯುತ್ತ, ಪೀಡೆ ತೊಲಗಿತು ಅಂದುಕೊಂಡಿದ್ದೆ, ಈಗ ನೋಡು ಹಾಲಿಗೇ ಬಂದು ಕೂತಿದೆ ಎಂದರು. ಮಾವ ಅದನ್ನು ಕೇಳಿಸಿಕೊಳ್ಳಲಿಲ್ಲ. ಅತ್ತೆಯ ಮಾತಲ್ಲಿ ಯಾವುದು ಕೇಳಿಸಬೇಕು ಯಾವುದು ಕೇಳಿಸಬಾರದು ಎಂಬ ವಿವೇಚನೆ ರೈಲಿನ ಸದ್ದಿನಲ್ಲಿ ಬಾಳಿದ ಅವರ ಕಿವಿಗೆ ಚೆನ್ನಾಗಿತ್ತು.

ದಿನ ಉರುಳುತ್ತಿತ್ತು. ಸಹೋದ್ಯೋಗಿಗಳ ವರದಿಗಳು ಒಂದೊಂದಾಗಿ ಬಂದವು. ಒಬ್ಬಳ ಚಿಕ್ಕಮ್ಮ ಒಂಬತ್ತು ಗಂಟೆಯಲ್ಲಿ ಡ್ರ್ಯಾಗನ್ ಮುಟ್ಟಿದ್ದಳು. ಇನ್ನೊಬ್ಬನ ತಾತ ಹದಿನಾಲ್ಕು ಗಂಟೆಯಲ್ಲಿ ಅದನ್ನು ಕೊಂದು, ಮುಂದೆ ಏನು ಎಂದು ಕೇಳಿ, ಏನೂ ಇಲ್ಲ ಎಂದ ಮೇಲೆ ಯಂತ್ರ ಆರಿಸಿದ್ದ. ಸೊಸೆಯ ಅಂಕಣ ಬೋಳಾಗಿ ಕೂತಿತ್ತು. ಗಡುವು ಸಾಹೇಬರು ಫೋನಿನಲ್ಲಿ ಮೃದುವಾಗಿಯೇ, ಖಾಲಿ ವರದಿಯವರನ್ನು ಇಟ್ಟುಕೊಳ್ಳಲು ನನಗೂ ಕಷ್ಟ ಆಗುತ್ತಮ್ಮ ಎಂದರು. ಅವರು ಮೃದುವಾದರೆ ಗಂಟುಮೂಟೆ ಕಟ್ಟುವ ಹೊತ್ತು ಹತ್ತಿರವಾಯಿತು ಎಂದು ಆಫೀಸಿಗೆಲ್ಲ ಗೊತ್ತು.

ಹದಿನೈದನೆಯ ದಿನ ದೇವರು ಕಣ್ಣುಬಿಟ್ಟ. ಮಾವನಿಗೆ ರಾಜದೂತನ ಮೇಲಲ್ಲ, ಕುದುರೆಯ ಮೇಲೆ ಕನಿಕರ ಹುಟ್ಟಿತು. ಅದು ಇಷ್ಟು ದಿನ ನೀರಿಲ್ಲದೆ ನಿಂತಿದೆಯಲ್ಲ ಎಂದು ಗೇಟು ತೆಗೆದರು. ದೂತ ಒಳಗೆ ನುಗ್ಗಿ ಪತ್ರ ಕೊಟ್ಟ, ಡ್ರ್ಯಾಗನ್ನಿನ ವೃತ್ತಾಂತ ಹೇಳಿದ, ಈಗಿಂದೀಗಲೇ ಹೊರಡು ಎಂದ. ಮಾವ ಪತ್ರವನ್ನು ಎರಡು ಸಲ ತೆರೆದು ಓದಿದ್ದು ದಾಖಲೆಯಲ್ಲಿತ್ತು. ಒಳಕೋಣೆಯಲ್ಲಿ ಸೊಸೆ ಕುರ್ಚಿಯ ತುದಿಗೆ ಸರಿದಳು.

ಮಾವ ಪತ್ರವನ್ನು ಚೀಲಕ್ಕೆ ಹಾಕಿ ಮತ್ತೆ ಹಿಡಿಯ ಪಕ್ಕಕ್ಕೇ ಬಂದು ನಿಂತರು.

ಆ ದಿನ ಊಟದ ಹೊತ್ತಿಗೆ ಅವಳು ತಡೆಯಲಾರದೆ, ರಾಜರು ಕರೆದಿದ್ದಾರಂತಲ್ಲ, ಹೋಗಲ್ವಾ ಎಂದು ಕೇಳಿಯೇಬಿಟ್ಟಳು. ನಿಯಮ ಅಲ್ಲಿಗೆ ತುಸು ಬಿರುಕು ಬಿಟ್ಟಿತು.

"ಹೋಗ್ಬಾರದು ಅಂತ ಏನಿಲ್ಲ," ಎಂದರು ಮಾವ. "ಬದಲಿ ಯಾರು?"

"ಬದಲಿ?"

"ನಾನು ಹೋದ್ರೆ ಗೇಟಿಗೆ ಯಾರು? ಬದಲಿಯವನು ಬರ್ಬೇಕು, ಎಲ್ಲ ನೋಡ್ಕೋಬೇಕು, ಪುಸ್ತಕದಲ್ಲಿ ಚಾರ್ಜ್ ತಗೊಂಡೆ ಅಂತ ಸಹಿ ಹಾಕ್ಬೇಕು. ಆಮೇಲೆ ರಾಜ ಕರೀಲಿ, ರಾಜನ ಅಪ್ಪ ಕರೀಲಿ."

ಮೂವತ್ತನಾಲ್ಕು ವರ್ಷದಲ್ಲಿ ಅವರು ಬದಲಿಯಿಲ್ಲದೆ ಗೇಟು ಬಿಟ್ಟದ್ದಿಲ್ಲ. ಮಗ ಹುಟ್ಟಿದ ಸುದ್ದಿ ಬಂದಾಗಲೂ ಎರಡು ಗಾಡಿ ಬಿಟ್ಟು, ಸಹಿ ಹಾಕಿಸಿಕೊಂಡು, ಆಮೇಲೆ ಆಸ್ಪತ್ರೆಗೆ ಹೋಗಿದ್ದರು. ಇದನ್ನು ಅತ್ತೆ ವರ್ಷಕ್ಕೊಮ್ಮೆ, ಮಗನ ಹುಟ್ಟುಹಬ್ಬದ ದಿನ, ತಪ್ಪದೆ ನೆನಪಿಸುತ್ತಿದ್ದರು. ಹಾಗಾದರೆ ಮಧ್ಯಾಹ್ನ ಎರಡಕ್ಕೆ ಆರಿಸಿ ಏಳುತ್ತೀರಲ್ಲ ಎಂದು ಸೊಸೆ ಕೇಳಿದ್ದಕ್ಕೆ, ಆರಿಸಿದರೆ ಅಲ್ಲಿ ಗಾಡಿಯೂ ನಿಲ್ಲುತ್ತದೆ, ಕುರಿಯೂ ನಿಲ್ಲುತ್ತದೆ, ಅಂಥ ಸೌಕರ್ಯ ನಮ್ಮ ಕಾಲದಲ್ಲಿ ಇರಲಿಲ್ಲ ಎಂದು ನಿಟ್ಟುಸಿರು ಬಿಟ್ಟರು.

ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ಸಂಜೆ ಮನೆಗೆ ಬಂದು, ಅಪ್ಪನಿಗೆ ದೂರದೃಷ್ಟಿ ಚೆನ್ನಾಗಿದೆ, ಹತ್ತಿರದ್ದೇ ಕಾಣುವುದಿಲ್ಲ ಎಂದು ಅಂಗಡಿಯ ನಗೆ ನಕ್ಕು ಟವಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ. ಉಪಾಯ ಹೇಳಿಕೊಟ್ಟವರು ಅತ್ತೆ. ನಿಮ್ಮ ಮಾವ ಬೆಳಿಗ್ಗೆ ಹತ್ತಕ್ಕೆ ಬ್ರೆಡ್ ತರಲು ಹೋಗುತ್ತಾರಲ್ಲ, ಆಗ ಆಟ ನಿಲ್ಲಿಸಿಯೇ ಹೋಗುವುದು. ಕಾಲು ಗಂಟೆ ಸಿಗುತ್ತೆ.

"ನೀನೇ ಎರಡು ಹೆಜ್ಜೆ ಆಚೆ ನಡೆಸಿಬಿಡು. ಅವರಿಗೇನು ಗೊತ್ತಾಗತ್ತೆ? ನಾನು ಇಷ್ಟು ವರ್ಷ ಸಂಸಾರ ನಡೆಸಿದ್ದು ಹಾಗೇ."

ಹದಿನೆಂಟನೆಯ ದಿನ ಹತ್ತು ಗಂಟೆಗೆ, ಮಾವನ ಚಪ್ಪಲಿ ಸದ್ದು ಮೆಟ್ಟಿಲಿಳಿದ ಮೇಲೆ, ಸೊಸೆ ಸೋಫಾದ ತುದಿಯಲ್ಲಿ ಕೂತು ಕಂಟ್ರೋಲರ್ ಎತ್ತಿಕೊಂಡಳು. ಗೇಟು ತೆಗೆದು ಹೊರಗೆ ಹೆಜ್ಜೆ ಇಟ್ಟಳು. ದೂರದ ಬೆಟ್ಟದವರೆಗೂ ದಾರಿ ಬಿಸಿಲಿಗೆ ಹೊಳೆಯುತ್ತಿತ್ತು. ನಲವತ್ತು ಹೆಜ್ಜೆ ಹೋಗಿರಬಹುದು. ಹಿಂದೆ ಗಡಗಡ ಸದ್ದಾಯಿತು. ತಿರುಗಿದರೆ ಹಿಟ್ಟಿನ ಗಾಡಿ ತೆರೆದ ಗೇಟಿನೊಳಗೆ ನುಗ್ಗಿ, ಕುರಿಗಳೆಲ್ಲ ದಿಕ್ಕಾಪಾಲಾಗಿದ್ದವು. ಅವಳಿಗೆ ಏನಾಯಿತೋ, ಡ್ರ್ಯಾಗನ್ನನ್ನು ಮರೆತು ವಾಪಸು ಓಡಿ, ಗೇಟು ಹಾಕಿ, ಮಾವ ನಿಲ್ಲುತ್ತಿದ್ದ ಜಾಗದಲ್ಲೇ ಅವರನ್ನು ನಿಲ್ಲಿಸಿ, ಆಟ ತಡೆದು ಒಳಕೋಣೆ ಸೇರಿದಳು. ಗಣಿತದ ಪರೀಕ್ಷೆಯಲ್ಲೂ ಅವಳು ನಕಲು ಮಾಡಿದವಳಲ್ಲ.

ಮಾವ ಬಂದರು. ಬ್ರೆಡ್ ಅಡುಗೆಮನೆಯಲ್ಲಿಟ್ಟರು. ಕೂತರು. ಕುರಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು.

ಆ ಸಂಜೆ ಅವಳು ನೋಟ್ ಪುಸ್ತಕ ತೆರೆದಳು. ಗಾಡಿಗಳ ಸಾಲಿನ ಕೆಳಗೆ, ಅದೇ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಹತ್ತರಿಂದ ಹತ್ತೂ ಕಾಲರ ನಡುವೆ ಗೇಟು ತೆರೆದಿತ್ತು, ಯಾರೂ ಇರಲಿಲ್ಲ. ಕುರಿ ಹತ್ತು. ಒಂದು ಇಲ್ಲ. ಹೊಣೆ ನನ್ನದು.’ ಕೆಳಗೆ ಸಹಿ.

ಹೇಗಾಯಿತು ಎಂದು ಅವರು ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಮಾರನೆಯ ದಿನ ತಿಂಡಿಗೆ ಕೂತಾಗ ಮಾವ ಒಂದೇ ತುಂಡು ಬ್ರೆಡ್ ತಿಂದು ಎದ್ದದ್ದನ್ನು ಅತ್ತೆ ಗಮನಿಸಿ, ಇಲ್ಲದ ಕುರಿಗೆ ಇಷ್ಟು ಮುಖ ಬಾಡಿಸಿಕೊಂಡವರನ್ನು ನಾನು ಕಂಡಿಲ್ಲ ಎಂದರೂ, ಅವರ ದನಿಯಲ್ಲಿ ಎಂದಿನ ಮೊನಚಿರಲಿಲ್ಲ. ಉಪಾಯದಲ್ಲಿ ಅವರದೂ ಪಾಲಿತ್ತಲ್ಲ.

"ಮಾವ," ಎಂದಳು ಸೊಸೆ. "ನೆನ್ನೆ ಗೇಟು ಬಿಟ್ಟು ಹೋಗಿದ್ದು ನೀವಲ್ಲ. ನಾನು."

ಮಾವ ಅವಳನ್ನು ನೋಡಿದರು. ಬೈಯುವರೇನೋ ಎಂದು ಅವಳು ಕಾದಳು.

"ಬದಲಿಗೆ ಅಂತ ಬಂದಿದ್ಯಾ?"

"ಹೂಂ."

"ಸಹಿ ಹಾಕಿಲ್ವಲ್ಲಮ್ಮ ಮತ್ತೆ," ಎಂದರು. ಅದಕ್ಕಿಂತ ದೊಡ್ಡ ಬೈಗುಳ ಅವರ ಬಳಿ ಇರಲಿಲ್ಲ.

ನಿಯಮ ಹೇಗೂ ಮುರಿದದ್ದಾಯಿತು, ಇನ್ನು ಸರಿಯಾಗಿಯಾದರೂ ಮುರಿಯೋಣ ಎಂದು ಅವಳು ಕಪಾಟಿನಿಂದ ಎರಡನೆಯ ಕಂಟ್ರೋಲರ್ ತಂದು ಹಚ್ಚಿದಳು. ಈ ಆಟಕ್ಕೆ ಜೊತೆಗಾರರೊಬ್ಬರು ಸೇರಬಹುದಿತ್ತು. ಟಿವಿಯ ತೆರೆ ಎರಡು ಹೋಳಾಗಿ, ಒಂದರಲ್ಲಿ ಮಾವ, ಇನ್ನೊಂದರಲ್ಲಿ ಅವಳು. ಚಾರ್ಜು ಒಪ್ಪಿಸುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಹಿಡಿಯನ್ನು ಪೂರ್ತಿ ಎಳೆಯಬೇಕು, ಅರ್ಧಕ್ಕೆ ಬಿಟ್ಟರೆ ಬಾಗಿಲು ನಡುವೆ ನಿಲ್ಲುತ್ತದೆ. ಸೌದೆ ಗಾಡಿಯವನು ನಿಲ್ಲುತ್ತಾನೆ, ಹಿಟ್ಟಿನ ಗಾಡಿಯವನನ್ನು ನಂಬಬೇಡ. ಮುದುಕಿಯನ್ನು ಕಾಯಿಸಬೇಡ. ಕುರಿ ಹತ್ತು, ಎಣಿಸಿಕೋ. ಅವಳು ಎಣಿಸಿದಳು. ಪುಸ್ತಕದಲ್ಲಿ, ಚಾರ್ಜ್ ತೆಗೆದುಕೊಂಡಿದ್ದೇನೆ ಎಂದು ಬರೆದು ಸಹಿ ಹಾಕಿದಳು. ಮಾವ ಅದನ್ನು ಓದಿ, ಹೊತ್ತು ಹಾಕಿಲ್ಲ ಎಂದು ವಾಪಸು ಕೊಟ್ಟರು. ಹಾಕಿದಳು.

ಆಮೇಲೆ, ಲೋಕವನ್ನು ಉಳಿಸಲು ಹುಟ್ಟಿದ ವೀರ, ರಾಜನ ಪತ್ರ ಚೀಲದಲ್ಲಿಟ್ಟುಕೊಂಡು, ಕಳೆದುಹೋದ ಕುರಿಯೊಂದನ್ನು ಹುಡುಕಲು ಗೇಟು ದಾಟಿ ಹೊರಟ.

ಸೊಸೆ ತನ್ನ ಹೋಳಿನಲ್ಲಿ ಗಾಡಿ ತಡೆಯುತ್ತ, ಓರೆಗಣ್ಣಿನಲ್ಲಿ ಮಾವನ ಹೋಳು ನೋಡುತ್ತಿದ್ದಳು. ಅವರು ಓಡಲಿಲ್ಲ. ದಾರಿಯ ಎಡಬದಿ ಹಿಡಿದು ನಡೆದರು. ಸೇತುವೆ ಬಂದಾಗ ನಿಂತು ಹಲಗೆ ಒದ್ದು ನೋಡಿದರು. ಕತ್ತಿ ಕೊಡುತ್ತೇನೆ ಬಾ ಎಂದು ಕರೆದ ಕಮ್ಮಾರನಿಗೆ, ಕುರಿ ಕಂಡೆಯಾ ಎಂದು ತಾವೇ ಬಾಯಿಬಿಟ್ಟು ಕೇಳಿದರು. ಆಟದವರಿಗೆ ನಮ್ಮ ಮಾತು ಕೇಳಿಸುವುದಿಲ್ಲ ಮಾವ ಎಂದರೆ, ಕೇಳುವುದು ನಮ್ಮ ಧರ್ಮ ಎಂದರು. ಗುಡ್ಡದ ತಿರುವಿನಲ್ಲಿ ಸುಮ್ಮನೆ ನಿಂತುಬಿಟ್ಟರು. ಕೆಳಗೆ ಕಣಿವೆ, ನದಿ, ಆಚೆ ಒಂದು ಪಟ್ಟಣದ ಹೊಗೆ.

"ಏನಾಯ್ತು ಮಾವ, ಗುಂಡಿ ಸಿಕ್ಕಿಕೊಳ್ತಾ?"

"ಇಲ್ಲ. ಗಾಡಿ ಹೋಗೋದನ್ನ ನೋಡಿದ್ದೇ ನೋಡಿದ್ದು ಅಷ್ಟು ವರ್ಷ. ಎಲ್ಲಿಗೆ ಹೋಗತ್ತೆ ಅಂತ ನೋಡಿರ್ಲಿಲ್ಲ."

ಅತ್ತೆಯ ಸೂಜಿ ನಿಂತಿತು. ಅವರು ಕುರ್ಚಿ ಎಳೆದುಕೊಂಡು ಟಿವಿ ಹತ್ತಿರ ಬಂದು, ಆ ಹೊಗೆ ಬರ್ತಿರೋ ಊರಿಗೂ ಒಂದಿನ ಹೋಗಿ ಬನ್ನಿ, ಏನಿದೆ ನೋಡೋಣ ಎಂದರು.

ಕುರಿ ಸಿಕ್ಕಿದ್ದು ಕಪ್ಪು ಬೆಟ್ಟದ ಬುಡದಲ್ಲಿ. ನೆಲವೆಲ್ಲ ಸುಟ್ಟ ಜಾಗ. ಅದು ಬಂಡೆಯ ಪಕ್ಕ ನಿಂತು, ಏನೂ ಆಗಿಲ್ಲವೆಂಬಂತೆ ಇಲ್ಲದ ಹುಲ್ಲು ಮೇಯುತ್ತಿತ್ತು. ಮಾವ ಅದನ್ನು ಹೆಗಲಿಗೇರಿಸಿಕೊಳ್ಳುವ ಹೊತ್ತಿಗೆ ಬೆಟ್ಟ ನಡುಗಿತು. ವಾದ್ಯಗಳು ಮೊಳಗಿದವು. ಆರು ತಿಂಗಳು ಮೂವತ್ತು ಜನ ಕೂತು ಬರೆದ ಬೆಂಕಿ, ರೆಕ್ಕೆ, ಹುರುಪೆ ಎಲ್ಲ ಸಮೇತ ಡ್ರ್ಯಾಗನ್ ಎದ್ದು ನಿಂತಿತು. ಈಗ ಕತ್ತಿ ಎತ್ತಬೇಕು. ಕತ್ತಿಯೇ ಇರಲಿಲ್ಲ.

ಮಾವ ಬಂಡೆಯ ಪಕ್ಕಕ್ಕೆ ಎರಡು ಹೆಜ್ಜೆ ಸರಿದು, ನೆಟ್ಟಗೆ ನಿಂತು, ಕುರಿಯ ಕಾಲು ಬಿಗಿಯಾಗಿ ಹಿಡಿದುಕೊಂಡರು. ಅವರು ದಾರಿ ಬಿಟ್ಟಿದ್ದರು. ಡ್ರ್ಯಾಗನ್ ತಲೆಯ ಮೇಲಿಂದ ಭೋರೆಂದು ಹಾದುಹೋಯಿತು. ಅದರ ಬಾಲದ ತುದಿ ಕಣ್ಮರೆಯಾಗುವವರೆಗೂ ಅವರು ಅಲ್ಲಾಡಲಿಲ್ಲ. ಕೊನೆಯ ಡಬ್ಬಿ ದಾಟುವವರೆಗೆ ಅಲ್ಲಾಡದೆ ನಿಲ್ಲುವುದು ಹಳೆಯ ಅಭ್ಯಾಸ. ಯಾರೂ ಎದುರು ಬೀಳದಿದ್ದರೆ ಡ್ರ್ಯಾಗನ್ ಏನು ಮಾಡಬೇಕೆಂದು ಆ ಮೂವತ್ತು ಜನರಲ್ಲಿ ಒಬ್ಬರೂ ಯೋಚಿಸಿರಲಿಲ್ಲವಾದ್ದರಿಂದ, ಅದು ಒಂದು ಸುತ್ತು ಹಾಕಿ ಮತ್ತೆ ಬೆಟ್ಟದ ಮೇಲೆ ಹೋಗಿ ಮಲಗಿತು.

ಹೊರಡುವಾಗ ಹೇಳಿದ್ದ ಹೊತ್ತಿಗೆ ಸರಿಯಾಗಿ ಮಾವ ಗೇಟಿಗೆ ಬಂದರು. ಸೊಸೆ ತೆಗೆಯಲು ಹೋದಳು. ಮೊದಲು ಹಿಟ್ಟಿನ ಗಾಡಿ ಬಿಡು, ನಾನು ಕಾಯುತ್ತೇನೆ ಎಂದರು. ಪುಸ್ತಕದಲ್ಲಿ ಬರೆದರು: ‘ಕುರಿ ಹನ್ನೊಂದು. ದಾರಿಯಲ್ಲಿ ಒಂದು ದೊಡ್ಡದು ಪಶ್ಚಿಮಕ್ಕೆ ಹೋಗಿ ವಾಪಸು ಬಂತು. ಎರಡೂ ಸಲ ದೀಪ ಇರಲಿಲ್ಲ.’

ವರದಿ ಬರೆಯುವ ದಿನ ಗಂಡ, ಡ್ರ್ಯಾಗನ್ ಮುಟ್ಟಿದರು ಅಂತಲೇ ಬರೆ, ಮುಟ್ಟಿದ ಹಾಗೇ ಅಲ್ಲವೇ ಎಂದ. ಸೊಸೆಯ ಬೆರಳು ಆ ಅಂಕಣದ ಮೇಲೆ ಬಹಳ ಹೊತ್ತು ನಿಂತಿತ್ತು. ಒಂದು ಅಂಕಿ ಹಾಕಿದರೆ ಕೆಲಸ ಖಾಯಂ. ಕೊನೆಗೆ ಅವಳು ಬರೆದದ್ದು: ‘ಮುಟ್ಟಿಲ್ಲ. ದಾರಿ ಬಿಟ್ಟುಕೊಟ್ಟರು.’ ಅದರ ಕೆಳಗೆ, ಹದಿನೆಂಟನೆಯ ದಿನ ಹತ್ತರಿಂದ ಹತ್ತೂ ಕಾಲರ ನಡುವೆ ಆಡಿದ್ದು ಪರೀಕ್ಷಕಿ, ಆಮೇಲೆ ಜೊತೆಗಾರಳಾಗಿ ಸೇರಿದ್ದೂ ಅವಳೇ, ನಿಯಮ ಮುರಿದಿದೆ. ಇನ್ನೂ ಕೆಳಗೆ: ‘ಹೊಣೆ ನನ್ನದು.’ ಸಹಿ ಹಾಕಿ, ಹೊತ್ತೂ ಹಾಕಿದಳು.

ಗಡುವು ಸಾಹೇಬರು ವರದಿಯನ್ನು ಅವಳ ಎದುರಿಗೇ ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು.

"ಎಷ್ಟು ಗಂಟೆ ಆಡಿದಾರೆ ಒಟ್ಟು?"

"ನೂರ ಇಪ್ಪತ್ತಾರು."

"ಆ ಮೂರು ಮನೆ ಹಳ್ಳಿಲಾ?"

"ಬದಲಿ ಇಲ್ದೆ ಗೇಟು ಬಿಡಲ್ಲ ಅಂತಾರೆ, ಸಾರ್. ಒಂದು ದಿನ ಹೊರಗೆ ಹೋಗಿದ್ರು. ರಜಾ ಹಾಕಿ."

ಅವರು ಮಿಕ್ಕ ವರದಿಗಳ ಕಟ್ಟನ್ನು ನೋಡಿದರು. ಒಂಬತ್ತು ಗಂಟೆ, ಹದಿನಾಲ್ಕು ಗಂಟೆ, ಹನ್ನೊಂದು ಗಂಟೆ. ಎಲ್ಲರೂ ಡ್ರ್ಯಾಗನ್ ಕೊಂದು, ಎಲ್ಲರೂ ಆರಿಸಿ, ಒಬ್ಬರೂ ಮತ್ತೆ ಹಚ್ಚಿರಲಿಲ್ಲ. ಈ ಒಬ್ಬ ಮನುಷ್ಯ ಮಾತ್ರ ಪರೀಕ್ಷೆ ಮುಗಿದ ಮೇಲೂ ಯಂತ್ರ ವಾಪಸು ಕೊಟ್ಟಿರಲಿಲ್ಲ. ನಿಯಮ ಮುರಿದದ್ದಕ್ಕೆ ಖಾಯಂ ಮಾಡುವುದು ಇನ್ನು ಮೂರು ತಿಂಗಳು ಮುಂದಕ್ಕೆ ಹೋಯಿತು ಎಂದು ಅವರು ಒರಟಾಗಿಯೇ ಹೇಳಿದರು. ಅವರು ಒರಟಾದದ್ದು ಕೇಳಿ ಅವಳಿಗೆ ಜೀವ ಬಂದಂತಾಯಿತು. ಬಾಗಿಲವರೆಗೆ ಹೋದವಳನ್ನು ಮತ್ತೆ ಕರೆದು, ಆ ಬದಲಿಯವನು ಎಷ್ಟು ಹೊತ್ತಿಗೆ ಬರಬೇಕಂತೆ ನಿಮ್ಮ ಮಾವನಿಗೆ ಎಂದು ಕೇಳಿದರು. ಎರಡಕ್ಕೆ ಎಂದಳು. ಬರೆದುಕೊಂಡರು.

ಆಟಕ್ಕೆ ಹೊಸ ತಿದ್ದುಪಡಿ ಬಂದ ದಿನ ಸೊಸೆ ಒಳಕೋಣೆಯಲ್ಲಿ ಕೂರಲಿಲ್ಲ. ಅತ್ತೆಯ ಪಕ್ಕ ಕುರ್ಚಿ ಹಾಕಿಕೊಂಡಳು. ತೆರೆಯ ಮೇಲೆ ಮಾವ ಹಿಡಿಯ ಪಕ್ಕ ನಿಂತಿದ್ದರು. ಕುರಿ ಹನ್ನೊಂದೂ ಇದ್ದವು. ಗೋಡೆ ಗಡಿಯಾರ ಎರಡು ಹೊಡೆಯಿತು. ದಾರಿ ಖಾಲಿ. ಮೂವರೂ ದಾರಿಯನ್ನೇ ನೋಡಿದರು.

ಆಮೇಲೆ ತಿರುವಿನಲ್ಲಿ, ಕೈಯಲ್ಲಿ ಕಂದೀಲು ಹಿಡಿದ ಬಡಕಲು ಕಾವಲುಗಾರನೊಬ್ಬ ಕಾಣಿಸಿಕೊಂಡ. ಗೇಟಿಗೆ ಬಂದ, ಕುರಿಗಳ ಕಡೆ ತಲೆಯಾಡಿಸಿ ಎಣಿಸಿದ, ಸೊಂಟದಿಂದ ಪುಸ್ತಕ ತೆಗೆದು ಏನೋ ಗೀಚಿದ. ಹಿಡಿಗೆ ಕೈ ಹಾಕಿದ.

ಮಾವ ಅವನನ್ನು ತಲೆಯಿಂದ ಕಾಲವರೆಗೆ ನೋಡಿದರು. ಆಮೇಲೆ ತಮ್ಮ ನೋಟ್ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆದು, ಬರೆದರು: ‘ಬದಲಿ ಬಂದ. ಎರಡು ನಿಮಿಷ ತಡ. ಹೊಸಬ, ಈ ಸಲ ಬಿಟ್ಟಿದ್ದೇನೆ.’

"ಹೋಗೋಣ್ವಾ?" ಎಂದರು ಅತ್ತೆಯ ಕಡೆ ತಿರುಗಿ. "ಅದೇ, ಆ ಹೊಗೆ ಬರೋ ಊರಿಗೆ."

ಅತ್ತೆ ಹೊಲಿಗೆ ಮಡಿಲಿಂದ ತೆಗೆದಿಟ್ಟು, ಎರಡನೆಯ ಕಂಟ್ರೋಲರಿಗೆ ಕೈ ಚಾಚಿದರು. ರಾಜನ ಪತ್ರ ಚೀಲದಲ್ಲೇ ಇತ್ತು.